ಕತ್ತರಿಮೇಜಿನ ಮೇಲೊಂದು ದೇಶ

ಮಾರ್ಚ್ 2, ಸೋಮವಾರ

ಈ ಮನೆಗೆ ಹಿರಿಯಳು ನಾನು. ಮನೆಯ ಕೆಳಗಿರುವ ಪರದೆ ಕಾರ್ಖಾನೆಯ ಒಡತಿಯೂ ನಾನೇ. ಈ ಊರಿನ ಆಸ್ಪತ್ರೆ, ಶಾಲೆ, ಸಭಾಭವನ, ಯಾವುದರ ಕಿಟಕಿಯಲ್ಲಿ ಇಳಿಬಿದ್ದ ಪರದೆಯನ್ನು ನೋಡಿದರೂ ಅದರ ಬಟ್ಟೆಗೆ ಮೊದಲ ಕತ್ತರಿ ಹಾಕಿದ ಕೈ ನನ್ನದು. ಹೊಲಿಯುವವರು ಬರುತ್ತಾರೆ, ಹೋಗುತ್ತಾರೆ, ಕತ್ತರಿಸುವವಳು ಒಬ್ಬಳೇ. ದೊಡ್ಡ ಕತ್ತರಿ ಹಗಲೆಲ್ಲ ನನ್ನ ಸೊಂಟದ ಪಟ್ಟಿಯಲ್ಲಿರುತ್ತದೆ. ಅದನ್ನು ಮುಟ್ಟಿದವರಿಲ್ಲ, ಮುಟ್ಟುತ್ತೇನೆಂದವರೂ ಇಲ್ಲ. ಓದಿದ್ದು ಹೈಸ್ಕೂಲಿನವರೆಗೆ. ಅಷ್ಟು ಸಾಕಾಯಿತು.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಈಗ ಹೊಸದೊಂದು ಕೆಲಸ ಕೈಗೆತ್ತಿಕೊಂಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಯಜಮಾನರು, ಯಜಮಾನರು ಎನ್ನುವುದು ಬಾಯಿಮಾತಿಗೆ, ಹೋದ ವಾರ ಅಂಚೆ ವಿಂಗಡಿಸುವ ಕೆಲಸದಿಂದ ನಿವೃತ್ತರಾದರು. ಜೀವಮಾನವೆಲ್ಲ ಕಾಗದಗಳನ್ನು ಆಯಾ ಊರಿನ ಗೂಡಿಗೆ ಹಾಕಿದ ಮನುಷ್ಯ. ದೇಶದ ಊರುಗಳೆಲ್ಲ ಬಾಯಿಪಾಠ. ಕಣ್ಣಾರೆ ಕಂಡದ್ದು ಈ ಊರೊಂದೇ. ರೈಲಿನಲ್ಲಿ ದೇಶವನ್ನು ಒಂದು ಸುತ್ತು ಹಾಕಿ ಬರಬೇಕೆಂಬುದು ಅವರ ಆಸೆ. ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ಯಾವುದೋ ದೊಡ್ಡ ಕೆಲಸ ಬಂದಿರುತ್ತದೆ, ಮುಂದಿನ ವರ್ಷ ನೋಡೋಣ ಎನ್ನುತ್ತೇನೆ.

ನಿನ್ನೆ ಊಟಕ್ಕೆ ಕೂತಾಗ ಮತ್ತೆ ಕೇಳಿದರು. ನೀರು ಕುಡಿದು, ಲೋಟ ಕೆಳಗಿಟ್ಟು, "ನೋಡು, ಈ ಸಲವೂ ಆಗಲ್ಲ ಅಂದ್ರೆ ನನಗೇನೂ ಬೇಜಾರಿಲ್ಲ. ಆದರೆ ಮತ್ತೆ ಕೇಳಲ್ಲ" ಅಂದರು.

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಸಿಟ್ಟಿರಲಿಲ್ಲ. ಅದಕ್ಕೇ, "ಏಪ್ರಿಲ್‌ನಲ್ಲಿ ಹೋಗೋಣ. ಯೋಜನೆಯೆಲ್ಲ ನನ್ನದು. ನೀವು ಕಿಟಕಿ ಪಕ್ಕ ಕೂತರೆ ಸಾಕು" ಅಂದೆ.

ಮಾತು ಕೊಟ್ಟ ಮೇಲೆ ಮುಗಿಯಿತು.

ಮಾರ್ಚ್ 5, ಗುರುವಾರ

ಅವರು ತಂದ ನಕ್ಷೆ ಊಟದ ಮೇಜಿಗೆ ಸಾಲಲಿಲ್ಲ. ಕೆಳಗೆ ಕತ್ತರಿಮೇಜಿನ ಮೇಲೆ ಹರಡಿ, ಮೂಲೆಗಳಿಗೆ ಇಸ್ತ್ರಿ ಪೆಟ್ಟಿಗೆ, ದಾರದ ಡಬ್ಬಿ ಇಟ್ಟೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ದೇಶದ ಅಂಚಿನುದ್ದಕ್ಕೂ ಗೆರೆ ಎಳೆಯುತ್ತ ಹೋದೆ. ನನ್ನ ನಿಯಮ ಒಂದೇ: ಹೋದ ಹಳಿಯ ಮೇಲೆ ವಾಪಸು ಬರಬಾರದು. ಕತ್ತರಿ ಹಾಕಿದ ಜಾಗದಲ್ಲಿ ಮತ್ತೆ ಕತ್ತರಿ ಹಾಕುವವಳಲ್ಲ ನಾನು. ಬಟ್ಟೆಯಾಗಲಿ ದೇಶವಾಗಲಿ, ಪೋಲಾಗಬಾರದು.

ಯಜಮಾನರು ಪಕ್ಕದಲ್ಲಿ ನಿಂತು ಊರುಗಳ ಪರಿಚಯ ಮಾಡಿಕೊಟ್ಟರು.

"ಇದು ಮೇಲಿನ ಸಾಲು, ಬಲಗಡೆ ಮೂಲೆ ಗೂಡು. ಇಲ್ಲಿಂದ ಬರೋ ಲಕೋಟೆಗೆಲ್ಲ ಮೀನಿನ ವಾಸನೆ. ಇದು ನೋಡು, ಕೆಳಗಿನ ಸಾಲು. ಈ ಊರಿನವರು ಅಂಚೆಚೀಟಿ ಯಾವಾಗಲೂ ವಾರೆ ಅಂಟಿಸ್ತಾರೆ."

"ಊರಿಗೆ ಊರೇ?"

"ಊರಿಗೆ ಊರೇ. ಯಾಕೆ ಅಂತ ಹೋಗಿ ಕೇಳಬೇಕು."

ಹೊಲಿಗೆಯವರಲ್ಲಿ ಒಬ್ಬಳನ್ನು ನಾವು ವಟವಟೆ ಎಂದೇ ಕರೆಯುವುದು. ಅವಳು ಯಂತ್ರ ನಿಲ್ಲಿಸಿ, "ಅಮ್ಮಾ, ದೇಶಕ್ಕೆ ಒಂದು ಪರದೆ ಹೊಲೀತೀರಾ ಹೆಂಗೆ?" ಅಂದಳು. ಇನ್ನೊಬ್ಬಳು, ಕನ್ನಡಕದವಳು, ತಲೆ ತಗ್ಗಿಸಿ ನಕ್ಕಳು. ನಗಲಿ.

ನಾನು ಮೇಜು ಹಿಡಿದಿದ್ದೇನೆಂದು ಮಗನ ಹೆಂಡತಿ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಪರದೆಯ ಹಿಂಬದಿಗೆ ಕೊಡುವ ಅಸ್ತರಿನ ಬಟ್ಟೆ ಹಾಸಿ, ಅದರ ಮೇಲೆಯೇ ಓಡಾಡುತ್ತ ಗುರುತು ಹಾಕುತ್ತಿದ್ದಳು. ಅವಳ ತವರಿನಲ್ಲಿ ಲಾರಿಗೆ ಮುಚ್ಚುವ ಟಾರ್ಪಾಲು ಹೊಲಿಯುತ್ತಾರೆ. ಅಲ್ಲಿಂದ ಕಲಿತು ಬಂದ ಬುದ್ಧಿ. ಮದುವೆಯಾಗಿ ಎರಡು ವರ್ಷವಾಯಿತು, ಬಿಟ್ಟಿಲ್ಲ. ಬಟ್ಟೆ ತುಳಿಯುವವಳು ಎಂದೇ ನಾನು ಅವಳನ್ನು ಕರೆಯುವುದು. ಎದುರಿಗೂ ಒಮ್ಮೆ ಕರೆದಿದ್ದೇನೆ.

ಮಧ್ಯಾಹ್ನ ನಾಟಕ ಮಂದಿರದ ವ್ಯವಸ್ಥಾಪಕ ಬಂದು ಮುಂಭಾಗದ ದೊಡ್ಡ ಪರದೆಯ ಕೆಲಸ ಒಪ್ಪಿಸಿ ಹೋದ. ಕೆಂಪು ಮಖಮಲ್ಲು. ಇಷ್ಟು ದೊಡ್ಡದನ್ನು ನಾವು ಈವರೆಗೆ ಮಾಡಿಲ್ಲ. ಮೇ ಮೊದಲ ವಾರದಲ್ಲಿ ಅವರ ಹೊಸ ನಾಟಕ. ಬಟ್ಟೆ ಈ ತಿಂಗಳಲ್ಲೇ ಬರುತ್ತದಂತೆ. ಬಂದರೆ ಕತ್ತರಿಸಿಟ್ಟು ಹೊರಡಬಹುದು. ಹೊಲಿಯುವುದು ಉಳಿದವರ ಕೆಲಸ.

ಮಾರ್ಚ್ 11, ಬುಧವಾರ

ದಾರಿ ಸಿದ್ಧವಾಯಿತು. ಒಂದು ರೈಲು ನಿಲ್ಲುವ ಹೊತ್ತಿಗೆ ಇನ್ನೊಂದು ಹೊರಡುತ್ತದೆ. ಎಲ್ಲೂ ಒಂದು ನೂಲಿನಷ್ಟು ಹೊತ್ತು ಪೋಲಾಗುವುದಿಲ್ಲ. ಸಮುದ್ರದ ಬದಿಯಿಂದ ಏರಿ, ಗುಡ್ಡಗಳ ಬೆನ್ನಿನ ಮೇಲೆ ಸಾಗಿ, ಬಯಲಿನಲ್ಲಿ ಇಳಿದು, ನಮ್ಮ ನಿಲ್ದಾಣಕ್ಕೇ ಬಂದು ಗೆರೆ ಕೂಡುತ್ತದೆ. ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿ ತೋರಿಸಿದೆ.

ಮಗ, "ಅಮ್ಮಾ, ರೈಲು ಇಲಾಖೆಯವರೇ ನಿನ್ನನ್ನ ಕರ್ಕೊಂಡು ಹೋಗಿ ಕೂರಿಸ್ಕೋಬೇಕು" ಅಂದ. ಅವನು ಏಣಿ ಹತ್ತಿ ಪರದೆ ತೂಗುಹಾಕುವವನು. ಹೆಂಡತಿ ಬಂದ ಮೇಲೂ ತಾಯಿಯ ಕೆಲಸ ಮೆಚ್ಚುವ ಬುದ್ಧಿ ಉಳಿದಿದೆ.

ಬಟ್ಟೆ ತುಳಿಯುವವಳು ಮಾತ್ರ ಬಗ್ಗಿ ಗೆರೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಅತ್ತೆ, ಹೊಲಿಗೆಗೆ ಅಂಚು ಬಿಟ್ಟಿಲ್ಲವಲ್ಲ?" ಅಂದಳು.

ನಮ್ಮ ಕೆಲಸದಲ್ಲಿ ಅಂಚು ಎಂದರೆ ಅಳತೆಗಿಂತ ಹೆಚ್ಚು ಬಿಡುವ ಬಟ್ಟೆ. ಮೇಲೆ ಮಡಿಕೆಗೆ, ಕೆಳಗೆ ಮಡಿಕೆಗೆ, ಪಕ್ಕದಲ್ಲಿ ಹೊಲಿಗೆಗೆ. ಅದನ್ನು ಬಿಡದೆ ಕತ್ತರಿಸಿದರೆ ಪರದೆ ಗಿಡ್ಡವಾಗುತ್ತದೆ. ಯಂತ್ರದ ಮುಂದೆ ಕೂತ ಮೊದಲ ದಿನವೇ ಕಲಿಯುವ ಪಾಠ. ಅದನ್ನು ಇವಳು ನನಗೆ ಹೇಳುತ್ತಾಳೆ!

"ಇದು ಬಟ್ಟೆಯಲ್ಲ, ರೈಲು" ಅಂದೆ.

"ಅದಕ್ಕೇ ಅತ್ತೆ. ಒಂದು ರೈಲು ಸ್ವಲ್ಪ ತಡ ಆದರೂ ಮುಂದಿಂದೆಲ್ಲ ಬಿಚ್ಚಿಕೊಂಡು ಹೋಗುತ್ತೆ."

ವಟವಟೆಯ ಯಂತ್ರ ನಿಂತಿತು. ಕನ್ನಡಕದವಳದ್ದೂ ನಿಂತಿತು. ನಾನು ನಕ್ಷೆ ಮಡಚಿದೆ. "ಹೋಗಿ ಎಲ್ಲರೂ ಕೆಲಸ ನೋಡಿ" ಅಂದೆ. ಇವತ್ತು ರಾತ್ರಿಯ ಊಟಕ್ಕೆ ಅವಳು ಬಡಿಸಿದ್ದನ್ನು ತಟ್ಟೆಯಿಂದ ತಲೆಯೆತ್ತದೆ ತಿಂದೆ.

ಮಾರ್ಚ್ 12, ಗುರುವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ವಿಷಯ ಹೊಳೆಯಿತು. ಎರಡು ರೈಲುಗಳ ನಡುವೆ ಒಂದೊಂದು ದಿನ ಬಿಟ್ಟರೆ ಊರನ್ನೂ ನೋಡಿದಂತಾಗುತ್ತದೆ. ಹಾಗೆಯೇ ತಿದ್ದಿದೆ.

ಯಜಮಾನರು ನೋಡಿ, "ಚೆನ್ನಾಗಿ ಹೊಳೀತು ನಿನಗೆ" ಅಂದರು. ಮೀಸೆಯ ಕೆಳಗೆ ನಗುವಿನಂಥದ್ದೇನೋ ಇತ್ತು. ಕೇಳಲಿಲ್ಲ.

ಮಾರ್ಚ್ 19, ಗುರುವಾರ

ಟಿಕೆಟ್ ಕೊಂಡಾಯಿತು. ಕಿಟಕಿಯ ಹಿಂದೆ ಕೂತಿದ್ದವನು ನನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಮ್ಮಾ, ಇಲ್ಲಿಂದ ಹೊರಟು ಕೊನೆಗೆ ಇಲ್ಲಿಗೇ ಬರ್ತೀರಾ?"

"ಹೌದು."

"ಮತ್ತೆ ಹೋಗೋದ್ಯಾಕೆ?"

"ನೀನು ದಿನಾ ಬೆಳಿಗ್ಗೆ ಮನೆಯಿಂದ ಹೊರಟು ಸಂಜೆ ಮನೆಗೇ ಹೋಗ್ತೀಯಲ್ಲ, ಯಾಕಪ್ಪಾ?"

ಸಾಲಿನಲ್ಲಿದ್ದವರು ನಕ್ಕರು. ಅವನೂ ನಕ್ಕು ಟಿಕೆಟ್ ಕೊಟ್ಟ. ಏಪ್ರಿಲ್ ಹದಿನಾರು, ಗುರುವಾರ, ಮಧ್ಯಾಹ್ನದ ರೈಲು. ವಾಪಸು ಬರುವಾಗ ಯಜಮಾನರು ಟಿಕೆಟನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ನಡೆದರು. ಎದೆನೋವೇ ಎಂದು ಎದುರಾದವರೊಬ್ಬರು ಕೇಳಿದರು.

ಏಪ್ರಿಲ್ 3, ಶುಕ್ರವಾರ

ಮಖಮಲ್ಲು ಇನ್ನೂ ಬಂದಿಲ್ಲ. ಬಟ್ಟೆ ವ್ಯಾಪಾರಿ ದಿನಕ್ಕೊಂದು ಕಥೆ ಹೇಳುತ್ತಾನೆ. ಬಣ್ಣ ಒಣಗಿಲ್ಲ, ಲಾರಿ ಕೆಟ್ಟಿದೆ, ಲಾರಿಯವನಿಗೆ ಜ್ವರ. ನಾಳೆ ಲಾರಿಗೇ ಜ್ವರ ಬಂದಿದೆ ಎನ್ನುತ್ತಾನೆ.

ಮನೆಯಲ್ಲಿ ಇನ್ನೊಂದು ಬಗೆಯ ನಾಟಕ. ರೈಲಿನಲ್ಲಿ ಮಲಗುವ ಹಲಗೆಯ ಅಗಲ ಎಷ್ಟೆಂದು ಯಾರನ್ನೋ ಕೇಳಿಕೊಂಡು ಬಂದ ಯಜಮಾನರು, ನನ್ನ ಅಳತೆಟೇಪು ಹಿಡಿದು ಕಾರ್ಖಾನೆಯ ಬೆಂಚನ್ನು ಅಳೆದು, ಮಧ್ಯಾಹ್ನ ಅದರ ಮೇಲೆ ಮಲಗಿ ಅಭ್ಯಾಸ ಮಾಡುತ್ತಿದ್ದಾರೆ. ಇವತ್ತು ಮಗ್ಗುಲು ಬದಲಿಸಲು ಹೋಗಿ ಗುಂಡಿಯ ಪೆಟ್ಟಿಗೆಯ ಮೇಲೆ ಬಿದ್ದರು. ಗುಂಡಿಗಳೆಲ್ಲ ನೆಲದ ಪಾಲು. ವಟವಟೆ, "ಅಯ್ಯಾ, ಯಾವ ಸ್ಟೇಷನ್ ಬಂತು?" ಅಂದಳು. ಮಗನ ಹೆಂಡತಿ ನಗುತ್ತಲೇ ಮಂಡಿಯೂರಿ ಗುಂಡಿ ಹೆಕ್ಕಿದಳು. ನನಗೂ ನಗು ಬಂತು. ಒಳಗೆ ಹೋಗಿ ನಕ್ಕೆ.

ಏಪ್ರಿಲ್ 10, ಶುಕ್ರವಾರ

ಮಖಮಲ್ಲು ಬಂತು. ನಾಲ್ಕು ಜನ ಹೊತ್ತು ತಂದರು.

ಲೆಕ್ಕ ಹಾಕಿ ನೋಡಿದೆ. ಇಂಥ ಪರದೆಯನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಜೋಡಿಸಬೇಕು, ಮೇಜಿನ ಮೇಲೆ ಒಂದು ಪಟ್ಟಿಯನ್ನೂ ಪೂರ್ತಿ ಹಾಸಲಾಗುವುದಿಲ್ಲ. ಅರ್ಧ ಹಾಸಿ, ಗುರುತು ಹಾಕಿ, ಸುತ್ತಿ, ಉಳಿದರ್ಧ ಹಾಸಬೇಕು. ಹೀಗೆ ಎಲ್ಲ ಪಟ್ಟಿಗಳೂ ಆಗುವ ಹೊತ್ತಿಗೆ ಹದಿನಾರು ದಾಟಿರುತ್ತದೆ. ನಾಟಕ ಮಂದಿರದವರು ದಿನ ಬದಲಿಸುವುದಿಲ್ಲ. ನನ್ನ ಬದಲು ಕತ್ತರಿಸುವವರೂ ಇಲ್ಲ.

ಊಟವಾದ ಮೇಲೆ ಯಜಮಾನರಿಗೆ ಹೇಳಿದೆ. "ರೈಲು ದಿನಾ ಇರುತ್ತೆ. ಟಿಕೆಟ್ ಬದಲಾಯಿಸೋಣ. ಈ ಪರದೆ ಒಂದು ಮುಗಿದುಹೋಗಲಿ."

"ಆಯ್ತು" ಅಂದರು.

"ಬೇಜಾರು ಮಾಡ್ಕೋಬೇಡಿ."

"ಇಲ್ಲ. ಹೇಳಿದ್ನಲ್ಲ, ಬೇಜಾರಿಲ್ಲ."

ಎದ್ದು ಹೋಗಿ ತಾವೇ ಗೋಡೆಗೆ ತೂಗುಹಾಕಿದ್ದ ನಕ್ಷೆಯನ್ನು ತೆಗೆದು, ಮಡಿಕೆ ತಪ್ಪದ ಹಾಗೆ ಮಡಚಿದರು. ಟಿಕೆಟನ್ನು ಜೇಬಿನಿಂದ ತೆಗೆದು ನನ್ನ ಮುಂದಿಟ್ಟರು.

ಏಪ್ರಿಲ್ 11, ಶನಿವಾರ

ಮೊದಲ ಪಟ್ಟಿ ಕತ್ತರಿಸಿದೆ. ಗಿಡ್ಡವಾಗಿದೆ.

ಮೇಲಿನ ಮಡಿಕೆಗೂ ಇಲ್ಲ, ಕೆಳಗಿನ ಮಡಿಕೆಗೂ ಇಲ್ಲ. ವೇದಿಕೆಯ ಎತ್ತರ ಎಷ್ಟೋ ಅಷ್ಟಕ್ಕೇ ಕತ್ತರಿ ಹಾಕಿದ್ದೆ. ಕನ್ನಡಕದವಳು ಮೊದಲು ಕಂಡದ್ದು. ಅವಳು ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು.

"ಟೇಪು ಹಳೇದು. ಜಗ್ಗಿಹೋಗಿದೆ" ಅಂದೆ.

ವಟವಟೆಗೆ ಬಾಯಿ ಕಟ್ಟಿ ಗೊತ್ತಿಲ್ಲ. "ಟೇಪು ಜಗ್ಗಿದರೆ ಬಟ್ಟೆ ಉದ್ದ ಆಗಬೇಕಲ್ಲಮ್ಮಾ? ಗಿಡ್ಡ ಹೆಂಗಾಯ್ತು?"

ನಾನು ಟೇಪನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

ಮಗನ ಹೆಂಡತಿ ಹಿಂದಿನ ಕೋಣೆಯಿಂದ ಬಂದು ಪಟ್ಟಿಯನ್ನು ತೋಳಿನ ಮೇಲೆ ಹಾಕಿಕೊಂಡಳು. "ಇದು ಪರದೆಗಲ್ಲ ಕಣೆ, ಪರದೆ ಮೇಲೆ ಅಡ್ಡಕ್ಕೆ ಇಳಿಬಿಡೋ ಗಿಡ್ಡ ಝಾಲರಿಗೆ. ಝಾಲರಿಗೆ ಬೇಕಾದ್ದನ್ನ ಮೊದಲು ತೆಗೀಬೇಕು ಅಂತ ಅತ್ತೆ ನಿನ್ನೇನೇ ಹೇಳಿದ್ರು. ಸುತ್ತಿನ ಕೊನೇಲಿ ಝಾಲರಿಗೆ ಅಂತ ಇದ್ದದ್ದು ಪರದೆಗೆ ಬರುತ್ತೆ. ನೀನು ಬಾಬಿನಿಗೆ ದಾರ ಸುತ್ತು" ಅಂದಳು.

ನಾನು ನಿನ್ನೆ ಹಾಗೆ ಹೇಳಿದ ನೆನಪಿಲ್ಲ. ಆದರೆ ಒಳ್ಳೆಯ ಉಪಾಯ, ಹೇಳಿರಲೂಬಹುದು.

ಯಜಮಾನರು ಬೆಂಚಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ಮಲಗುವ ಅಭ್ಯಾಸ ಬಿಟ್ಟಿದ್ದಾರೆ. ಇವತ್ತು ಒಂದು ಊರಿನ ಹೆಸರೂ ಅವರ ಬಾಯಿಂದ ಬರಲಿಲ್ಲ. ಕೋಣೆ ನಿಶ್ಶಬ್ದವಾಗಿದ್ದರೆ ಕೆಲಸ ಚೆನ್ನಾಗಿ ಸಾಗಬೇಕು. ಸಾಗಲಿಲ್ಲ.

ಏಪ್ರಿಲ್ 12, ಭಾನುವಾರ

ಕಾರ್ಖಾನೆಗೆ ರಜೆ. ಕೆಳಗೆ ಸದ್ದಾಯಿತೆಂದು ಇಳಿದು ಹೋದೆ. ಹಿಂದಿನ ಕೋಣೆಯ ಪೆಟ್ಟಿಗೆಗಳನ್ನೆಲ್ಲ ಗೋಡೆಗೆ ಸರಿಸಿ, ನೆಲ ಒರೆಸಿ, ಮಗನ ಹೆಂಡತಿ ಇಡೀ ಪರದೆಯ ಅಸ್ತರನ್ನು ಒಂದೇ ಹಾಸಾಗಿ ಹಾಸಿದ್ದಳು. ಕಾಲು ತೊಳೆದು ಒರೆಸಿಕೊಂಡು, ಎಳೆ ಹೋದ ದಿಕ್ಕಿಗೇ ಹೆಜ್ಜೆ ಇಡುತ್ತ, ಒಂದು ತುದಿಯಿಂದ ಇನ್ನೊಂದು ತುದಿಗೆ ಗುರುತು ಹಾಕುತ್ತ ಬಂದಳು. ಬಟ್ಟೆ ಎಲ್ಲೂ ಸುಕ್ಕಾಗಲಿಲ್ಲ. ಪಟ್ಟಿಗೆ ಪಟ್ಟಿ ಜೋಡಿಸಿ ನೋಡುವ ಗೋಜೇ ಇಲ್ಲ. ಎಲ್ಲವೂ ಕಣ್ಣ ಮುಂದೆಯೇ ಇದೆ. ಅಸ್ತರಿನ ಕೆಲಸ ಬೆಳಗಿನ ಹೊತ್ತಿನಲ್ಲೇ ಮುಗಿದಿತ್ತು. ನಾನಾಗಿದ್ದರೆ ಮೇಜಿನ ಮೇಲೆ ಇನ್ನೂ ಅರ್ಧಕ್ಕೆ ಬಂದಿರುತ್ತಿದ್ದೆ.

ನಾನು ನಿಂತಿದ್ದನ್ನು ಕಂಡು ಗಾಬರಿಯಾದಳು. "ಮಖಮಲ್ಲು ಮುಟ್ಟಿಲ್ಲ ಅತ್ತೆ. ಅಸ್ತರು ಮಾತ್ರ. ನಿಮಗೆ ಒಂದು ಕೆಲಸ ಕಡಿಮೆ ಆಗಲಿ ಅಂತ."

"ಲಾರಿಗೆ ಹೊಲಿಯೋದನ್ನ ನಾಟಕಕ್ಕೆ ಹೊಲೀತೀಯಲ್ಲ?"

"ನಮ್ಮಪ್ಪ ಹೇಳ್ತಿದ್ರು ಅತ್ತೆ, ನಿಂತಿರೋದಕ್ಕೆ ಎಷ್ಟು ಅಂಚು ಬಿಡ್ತೀಯೋ ಓಡೋದಕ್ಕೆ ಅದರ ಎರಡರಷ್ಟು ಬಿಡು ಅಂತ. ಈ ಪರದೆ ನಿಂತಿರೋದಲ್ಲ. ದಿನಾ ಎಳೀತಾರೆ, ಬಿಡ್ತಾರೆ. ಅದಕ್ಕೇ ಸ್ವಲ್ಪ ಜಾಸ್ತಿ ಬಿಟ್ಟಿದೀನಿ. ತಪ್ಪಾ?"

ಕೂತು ಅಂಚನ್ನು ಬೆರಳಿನಿಂದ ಅಳೆದೆ. ತುದಿಯಿಂದ ತುದಿಯವರೆಗೆ ಒಂದೇ ಸಮ. ದೂರದ ಮೂಲೆಯೊಂದು ಕಾಣಲಿಲ್ಲ. ಚಪ್ಪಲಿ ಬಿಟ್ಟು, ಹೋಗಿ ಕಾಲು ತೊಳೆದು ಬಂದು, ಬಟ್ಟೆಯ ಮೇಲೆ ನಡೆದು ಹೋಗಿ ನೋಡಿದೆ. ಅಲ್ಲೂ ಸರಿಯಿತ್ತು. ಬರಿಗಾಲಿಗೆ ಎಳೆ ತಿಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ.

"ತಪ್ಪಿಲ್ಲ" ಅಂದೆ.

ಹುಡುಗಿ ಮುಖ ಆ ಕಡೆ ತಿರುಗಿಸಿದಳು. ಅಳುವಂಥದ್ದೇನು ಹೇಳಿದೆನೋ!

ಏಪ್ರಿಲ್ 13, ಸೋಮವಾರ

ಟಿಕೆಟ್ ಬದಲಾಯಿಸಲು ರೈಲು ನಿಲ್ದಾಣಕ್ಕೆ ಹೋದೆ. ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ಅದೇ ಮನುಷ್ಯ, "ಏನಮ್ಮಾ, ಇಷ್ಟು ಬೇಗ ಸುತ್ತಿ ಬಂದ್ರಾ?" ಅಂದ.

ಸಮುದ್ರ ಯಾವ ಬದಿಯ ಕಿಟಕಿಗೆ ಕಾಣುತ್ತದೆ ಎಂದು ಕೇಳಿದೆ. ಎಡಗಡೆ ಅಂದ. ಮನೆಗೆ ಬಂದೆ.

ಏಪ್ರಿಲ್ 16, ಗುರುವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

ಬೆಳಿಗ್ಗೆ ಎಲ್ಲರೂ ಬಂದ ಮೇಲೆ ಮಖಮಲ್ಲಿನ ಸುತ್ತನ್ನು ಹಿಂದಿನ ಕೋಣೆಗೆ ಹೊರಿಸಿದೆ. ಒರೆಸಿದ ನೆಲದ ಮೇಲೆ ಬಿಚ್ಚಿಸಿದೆ. ಕೋಣೆಯೆಲ್ಲ ಕೆಂಪಾಯಿತು. ಸೊಂಟದ ಪಟ್ಟಿ ಬಿಚ್ಚಿದೆ. ಅದರ ಗುರುತು ಅಲ್ಲೇ ಉಳಿದಿತ್ತು, ಬಟ್ಟೆಯ ಮೇಲೆ ಇಸ್ತ್ರಿಯ ಗೆರೆಯ ಹಾಗೆ. ಕತ್ತರಿ ಸಮೇತ ಪಟ್ಟಿಯನ್ನು ನನ್ನ ಸೊಸೆಯ ಕೈಗೆ ಕೊಟ್ಟೆ.

ಅವಳು ಹಿಡಿದುಕೊಂಡಳು, ಕಟ್ಟಿಕೊಳ್ಳಲಿಲ್ಲ. "ಅತ್ತೆ, ನೀವು ಬರೋವರೆಗೆ ತಾನೇ?" ಅಂದಳು.

"ಕಟ್ಕೋ. ಮಖಮಲ್ಲಿಗೆ ಮೊಂಡು ಕತ್ತರಿ ನಡೆಯಲ್ಲ, ಸಾಣೆ ಹಿಡಿಸಿಟ್ಟಿದೀನಿ."

ವಟವಟೆ, "ಅಮ್ಮಾ, ಹಂಗಾದ್ರೆ ಇನ್ಮೇಲೆ ನಾವು ಬೈಸ್ಕೊಳ್ಳೋದು ಯಾರ ಹತ್ರ?" ಅಂದಳು.

"ಅವಳ ಹತ್ರ. ಅವಳಿಗೆ ಬೈಯೋಕೆ ಬರಲ್ಲ ಅಂತ ತಿಳ್ಕೋಬೇಡ. ಎರಡು ವರ್ಷ ನನ್ನ ಹತ್ರ ಕಲಿತಿದಾಳೆ."

ಕನ್ನಡಕದವಳು ಮತ್ತೆ ಕನ್ನಡಕ ತೆಗೆದು ಒರೆಸಿದಳು. ಮಗ ಏಣಿಯ ಮೇಲೆ ನಿಂತಿದ್ದವನು ಇಳಿಯುವುದನ್ನೇ ಮರೆತ. ಇನ್ನೂ ಏನಾದರೂ ಹೇಳುತ್ತೇನೆಂದು ಎಲ್ಲರೂ ಕಾದರು. ಹೇಳಬೇಕಾದದ್ದು ಏನೂ ಇರಲಿಲ್ಲ. ನನಗೂ ಆಶ್ಚರ್ಯವಾಯಿತು.

ಮೇಲೆ ಹೋದೆ. ಯಜಮಾನರು ಕಿಟಕಿಯ ಬಳಿ ಕೂತಿದ್ದರು. ಅವರ ಮುಂದೆ ಟಿಕೆಟ್ ಇಟ್ಟೆ. ತೆಗೆದು ನೋಡಿದರು. ದಿನಾಂಕ ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಟಿಕೆಟ್ ನೋಡಿದರು.

"ಇದು ಇವತ್ತಿಂದು" ಅಂದರು.

"ಅದಕ್ಕೇ ಏಳಿ. ಪೆಟ್ಟಿಗೆಗೆ ನಿಮ್ಮ ಬಟ್ಟೆ ತುಂಬಿದ್ದಾಯ್ತು. ನಕ್ಷೆ ಎಲ್ಲಿಟ್ಟಿದೀರೋ ನನಗೆ ಸಿಗಲಿಲ್ಲ."

ನಕ್ಷೆ ಅವರ ದಿಂಬಿನ ಕೆಳಗಿತ್ತು.

ರೈಲು ತಡವಾಗಿ ಹೊರಟಿತು. ಈಗ ಯಾವುದೋ ಬಯಲಿನಲ್ಲಿ ಕಾರಣವಿಲ್ಲದೆ ನಿಂತಿದೆ. ಎದುರಿನ ಸೀಟಿನವರು ಮುಂದಿನ ರೈಲು ತಪ್ಪುತ್ತದೆಂದು ಗೋಳಾಡುತ್ತಿದ್ದಾರೆ. ನಮಗೆ ಚಿಂತೆಯಿಲ್ಲ, ನಾಳೆಯಿಡೀ ಬಿಡುವಿದೆ. ಅಂಚು ಬಿಡದೆ ಪ್ರಯಾಣ ಮಾಡಬಾರದು ಎಂದು ಅವರಿಗೆ ತಿಳಿಹೇಳಿದೆ. ನಮ್ಮ ಸೊಸೆ ಹೇಳಿಕೊಟ್ಟದ್ದು ಅಂದೆ. ಯಜಮಾನರು ನನ್ನ ಕಡೆ ತಿರುಗಿ ನೋಡಿದರು.

"ಏನು?" ಅಂದೆ.

"ಏನಿಲ್ಲ. ಮುಂದಿನ ಊರು ಮಧ್ಯದ ಸಾಲು, ಎಡದಿಂದ ಮೂರನೇ ಗೂಡು" ಅಂದು ಕಿಟಕಿಗೆ ಮುಖ ಒತ್ತಿಕೊಂಡರು. ಗಾಜಿನ ಮೇಲೆ ಅವರ ಉಸಿರು ಮಂಜಾಗಿ ಕೂತಿದೆ. ಕರವಸ್ತ್ರ ಕೊಟ್ಟು ಒರೆಸಿಕೊಳ್ಳಿ ಅಂದೆ.

ರೈಲು ಜಗ್ಗಿ ಹೊರಟಾಗ ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕತ್ತರಿ ಇರಲಿಲ್ಲ. ಈ ಹೊತ್ತಿಗೆ ಅವಳು ಮೂರನೆಯ ಪಟ್ಟಿಗೆ ಬಂದಿರುತ್ತಾಳೆ. ಕತ್ತರಿ ಯಾರೂ ಕಿತ್ತುಕೊಂಡದ್ದಲ್ಲ, ಕಳೆದುಹೋದದ್ದೂ ಅಲ್ಲ. ಕೊಟ್ಟವಳು ನಾನೇ.